ತಮಿಳು ಬಾರದ ಗಂಡ

ಎಳನೀರಿನವನಿಗೂ ಹೇಳಿಬಿಟ್ಟರೆ ತಾನು ಎಷ್ಟನೆಯವನಾದೆ ಎಂದು ಸುಗತ ಯೋಚಿಸುತ್ತಿದ್ದ. ಪುದುಚೇರಿಯ ಕಡಲ ದಂಡೆಯ ರಸ್ತೆಯಲ್ಲಿ ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಯಮುನಾ ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು ಗಾಡಿಯ ಪಕ್ಕ ನಿಂತು, ಗಾಡಿಯವನೊಂದಿಗೆ ತಮಿಳಿನಲ್ಲಿ ಮಾತಿಗಿಳಿದಿದ್ದಳು. ಗಂಜಿ ಬೇಡ, ಬರೀ ನೀರಿರುವ ಕಾಯಿ ಕೊಡಿ ಎಂದಳು. ಗಂಜಿ ಬೇಡ ಅನ್ನುವವರು ಬೆಂಗಳೂರಿನವರೇ ಇರಬೇಕು, ಅಲ್ಲಿನವರಿಗೆ ತಿನ್ನಲು ಪುರುಸೊತ್ತಿಲ್ಲ ಎಂದು ಅವನು ಮಚ್ಚು ಬೀಸುತ್ತಲೇ ಅಂದ. ಅದೇನು ಅಂಥ ತಮಾಷೆಯೂ ಅಲ್ಲ. ಆದರೆ ಯಮುನಾ ತಲೆ ಹಿಂದಕ್ಕೆ ಚೆಲ್ಲಿ, ಹಲ್ಲೆಲ್ಲ ಕಾಣುವ ಹಾಗೆ ನಕ್ಕಳು. ಈ ನಗು ಕೃಷ್ಣರಾಜಪುರದ ಮನೆಯಲ್ಲಿ ಕಾಣಸಿಗುವುದಲ್ಲ. ಕನ್ನಡದಲ್ಲಿ ಅವಳು ನಗುವುದು ಬೇರೆ. ಅಲ್ಲಿ ಬಾಯಿಗೆ ಕೈ ಅಡ್ಡ ಬರುತ್ತದೆ, ನಗು ಅರ್ಧಕ್ಕೇ ಮುಗಿಯುತ್ತದೆ. ಸುಗತ ಕಡಲಿನ ಕಡೆ ಮುಖ ತಿರುಗಿಸಿ, ಏನೂ ಅರ್ಥವಾಗದವನ ಹಾಗೆ ನಿಂತ. ಹಾಗೆ ನಿಲ್ಲುವುದು ಅವನಿಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ಯಮುನಾ ಬಸುರಿ. ಎರಡು ತಿಂಗಳು ತುಂಬಿದೆ. ಇದು ಹಲಸೂರಿನಲ್ಲಿರುವ ಅವಳ ಅಮ್ಮ ಅಣ್ಣಮ್ಮನಿಗೆ ಗೊತ್ತು, ಗೆಳತಿ ಮೋನಿಷಾಗೆ ಗೊತ್ತು, ಅವರ ಬಾಡಿಗೆ ಮನೆಯ ಮೇಲಿನ ಮಹಡಿಯ ಶಕೀಲಾಗೆ ಗೊತ್ತು. ಗಂಡನಿಗೆ ಗೊತ್ತಿಲ್ಲ. ಅಂದರೆ, ಗಂಡನಿಗೆ ಗೊತ್ತಿಲ್ಲವೆಂದು ಯಮುನಾ ತಿಳಿದಿದ್ದಾಳೆ. ಗಂಡನಿಗೆ ತಮಿಳು ಬಾರದು ಎಂದು ತಿಳಿದ ಹಾಗೆಯೇ ಇದನ್ನೂ ತಿಳಿದಿದ್ದಾಳೆ. ಒಂದು ಭಾನುವಾರ ಅವನು ಸೋಫಾದ ಮೇಲೆ ಕಾಲು ಚಾಚಿ ಪೇಪರು ಓದುತ್ತಿದ್ದಾಗ ಅವಳು ಪಕ್ಕದಲ್ಲೇ ಕೂತು, ತನ್ನ ಕಾಲನ್ನು ಅವನ ತೊಡೆಯ ಮೇಲಿಟ್ಟುಕೊಂಡು, ಅಮ್ಮನಿಗೆ ಫೋನು ಮಾಡಿದ್ದಳು. ದಂಟಿನ ಸೊಪ್ಪಿನ ಮಾತಾಯಿತು, ಹಲಸೂರಿನ ನಲ್ಲಿ ನೀರಿನ ಮಾತಾಯಿತು, ಅದೇ ಧಾಟಿಯಲ್ಲಿ, ದನಿ ಒಂದಿಷ್ಟೂ ತಗ್ಗಿಸದೆ, ಅಮ್ಮಾ ಈ ಸಲ ನಿಂತಿದೆ ಅನ್ಸುತ್ತೆ, ಡಾಕ್ಟರ್ ಹತ್ರಾನೂ ಹೋಗಿಬಂದೆ ಎಂದಳು. ಅವಳ ಹಿಮ್ಮಡಿ ಅವನ ತೊಡೆಯ ಮೇಲಿತ್ತು. ಸುಗತನ ಕಣ್ಣು ಮೆಟ್ರೋ ಮಾರ್ಗದ ಸುದ್ದಿಯ ಮೇಲಿತ್ತು. ಅವನು ಪುಟ ತಿರುಗಿಸಿದ. ಪುಟ ತಿರುಗಿಸದೆ ಇನ್ನೇನು ಮಾಡಬಹುದಿತ್ತು ಎಂದು ಅಂದಿನಿಂದ ಯೋಚಿಸುತ್ತಲೇ ಇದ್ದಾನೆ. ಫೋನಿಟ್ಟ ಮೇಲೆ ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದ. ಅವಳು ಎದ್ದು ಸೊಪ್ಪು ಬಿಡಿಸಲು ಹೋದಳು. ಮರುದಿನ ಹೇಳಲಿಲ್ಲ. ಆ ವಾರ ಹೇಳಲಿಲ್ಲ. ಮೋನಿಷಾಗೆ ಹೇಳಿದಳು, ಅದೂ ಅವನ ಎದುರಿಗೇ, ಚಪಾತಿ ಲಟ್ಟಿಸುತ್ತ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು.

"ತಗೊಳ್ಳಿ ರೀ, ಕುಡೀರಿ. ಏನ್ ನೋಡ್ತಾ ಇದ್ದೀರ ಹಾಗೆ?" ಎಂದು ಯಮುನಾ ಎಳನೀರನ್ನು ಅವನ ಕೈಗಿಟ್ಟಳು.

"ಏನಿಲ್ಲ. ಏನಂತೆ ಅವನದು, ಅಷ್ಟು ನಗ್ತಿದ್ದೆ?"

"ಏನಿಲ್ಲಪ್ಪ. ಬೆಂಗಳೂರಾ ಅಂತ ಕೇಳಿದ್ರು. ಹೌದು ಅಂದೆ."

ಇದೊಂದು ಅವನಿಗೆ ಸಹಿಸಲಾಗದು. ಅವಳು ಸುಳ್ಳು ಹೇಳುವುದಿಲ್ಲ. ಅನುವಾದ ಮಾಡುವಾಗ ಮಾತಿನ ಉಪ್ಪು ಖಾರವನ್ನೆಲ್ಲ ತೆಗೆದು, ರೋಗಿಗೆ ಕೊಡುವ ಗಂಜಿಯ ಹಾಗೆ ಸಪ್ಪೆ ಮಾಡಿ ಅವನಿಗೆ ಕೊಡುತ್ತಾಳೆ. ಅವನ ಮುಂದೆ ಅಸಲೂ ಇರುತ್ತದೆ, ನಕಲೂ ಇರುತ್ತದೆ. ಎರಡನ್ನೂ ಹೋಲಿಸಿ ಎಷ್ಟು ಸೋರಿಹೋಯಿತು ಎಂದು ನೋಡುವುದರಲ್ಲಿ ಅವನಿಗೆ ಒಂದು ಕೆಟ್ಟ ಖುಷಿಯೂ ಇತ್ತು. ಹಲ್ಲು ನೋವಿದ್ದಾಗ ನಾಲಗೆ ಅಲ್ಲಿಗೇ ಹೋಗುವ ಹಾಗೆ ಅವನ ಕಿವಿ ಅಲ್ಲಿಗೇ ಹೋಗುತ್ತಿತ್ತು. ಅಪ್ಪ ಮುನಿಶಾಮಿ ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಹುಟ್ಟಿದ ಮಗನಿಗೆ ಆಸೆಯನ್ನು ಗೆದ್ದವನ ಹೆಸರಿಟ್ಟಿದ್ದರು. ಮಗನಿಗೆ ಹೆಂಡತಿ ಎಳನೀರಿನವನೊಂದಿಗೆ ನಕ್ಕದ್ದನ್ನು ಗೆಲ್ಲಲಾಗುತ್ತಿರಲಿಲ್ಲ.

ಹಲಸೂರಿನ ಆ ಕಿರಿದಾದ ನಡುಮನೆಯಲ್ಲಿ ಹೆಣ್ಣು ನೋಡಲು ಕುಳಿತಿದ್ದಾಗ ಆದದ್ದೆಲ್ಲ ಒಂದು ಹುಡುಗಾಟ. ಉಪ್ಪಿಟ್ಟಿನ ತಟ್ಟೆ ಕೈಯಲ್ಲಿತ್ತು. ಅಡುಗೆಮನೆಯ ಪರದೆಯ ಆಚೆ ಹೆಂಗಸರು ತಮಿಳಿನಲ್ಲಿ ಅವನ ಬೆಲೆ ಕಟ್ಟುತ್ತಿದ್ದರು. ಬಣ್ಣ ಕಪ್ಪು, ಕಣ್ಣು ಪರವಾಗಿಲ್ಲ, ಕಿವಿ ಮಾತ್ರ ಸ್ವಲ್ಪ ದೊಡ್ಡದು. ಸುಗತನಿಗೆ ಒಳಗೊಳಗೇ ನಗು. ಪಿಯುಸಿ ಓದುವಾಗಲೇ ಶಿವಾಜಿನಗರದಲ್ಲಿ ಅಫ್ಜಲ್ ಭಾಯಿಯ ಮೋಟಾರು ಬಿಡಿಭಾಗದ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದವನು ಅವನು. ಅಲ್ಲಿಗೆ ಬರುವ ಮೆಕ್ಯಾನಿಕ್‌ಗಳಲ್ಲಿ ಅರ್ಧಕ್ಕರ್ಧ ತಮಿಳರು; ಬೈಗುಳದಿಂದ ಶುರುವಾಗಿ ಒಂದು ವರ್ಷದಲ್ಲಿ ಭಾಷೆಯೆಲ್ಲ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅಣ್ಣಮ್ಮ ಪರದೆ ಸರಿಸಿ ಈಚೆ ಬಂದು, "ತಮಿಳ್ ಬರುತ್ತಾಪ್ಪ ನಿಮಗೆ?" ಎಂದು ಕೇಳಿದರು. "ಎನ್ನ, ಎಪ್ಪಡಿ, ಅಷ್ಟೇ ಅಮ್ಮ" ಎಂದ. ಎಲ್ಲರೂ ನಕ್ಕರು. ಇನ್ನಷ್ಟು ಕೇಳಿಸಿಕೊಳ್ಳುವ ಆಸೆಗೆ ಹಾಗೆ ಅಂದದ್ದು, ಬೇರೆ ದುರುದ್ದೇಶ ಇರಲಿಲ್ಲ. ಮದುವೆಯಾದ ಮೇಲೆ ಯಾವತ್ತಾದರೂ ಒಂದು ದಿನ ಅತ್ತೆಯ ಮುಂದೆ ಗಡಗಡ ತಮಿಳು ಮಾತಾಡಿ ಎಲ್ಲರನ್ನೂ ಬೆಚ್ಚಿಬೀಳಿಸಿ ನಗಬೇಕೆಂದು ಅಂದುಕೊಂಡಿದ್ದ. ಆ ದಿನ ಬರಲಿಲ್ಲ. ಮೊದಲ ವಾರದಲ್ಲೇ ಯಮುನಾ ಅವನ ಪಕ್ಕ ಮಲಗಿಕೊಂಡು ಅಮ್ಮನ ಜೊತೆ ಮಾತಾಡುತ್ತ, ಇವರು ಗೊರಕೆ ಹೊಡೀತಾರಮ್ಮ ಆದ್ರೆ ಜೋರಾಗಿ ಅಲ್ಲ, ಬೆಕ್ಕಿನ ಥರ ಎಂದಳು. ಅವನಿಗೆ ಅದು ಎಷ್ಟು ಇಷ್ಟವಾಯಿತೆಂದರೆ ಇನ್ನೊಂದು ವಾರ ತಡೆದು ಹೇಳೋಣ ಎಂದುಕೊಂಡ. ವಾರ ತಿಂಗಳಾಗಿ, ತಿಂಗಳು ವರ್ಷವಾಗಿ, ಈಗ ಹೇಳಿದರೆ ಕಳ್ಳ ಎನ್ನಿಸಿಕೊಳ್ಳುವ ಕಾಲ ಬಂತು. ತಾನೀಗ ಕೆಲಸ ಮಾಡುವ ಮಾರತ್ತಹಳ್ಳಿಯ ವರ್ಕ್‌ಶಾಪಿನಿಂದ ಮೆಕ್ಯಾನಿಕ್ ಫೋನು ಮಾಡಿದರೆ ಅವನು ಎದ್ದು ಬಾಲ್ಕನಿಗೆ ಹೋಗಿ, ಬಾಗಿಲೆಳೆದುಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು ತಮಿಳಿನಲ್ಲಿ ಮಾತಾಡುತ್ತಾನೆ. ಬೇರೆ ಗಂಡಸರು ಇನ್ನೊಬ್ಬಳ ಜೊತೆ ಮಾತಾಡಲು ಹಾಗೆ ಹೋಗುತ್ತಾರೆ.

ಹಳದಿ ಗೋಡೆಗಳ ಬೀದಿಗಳಲ್ಲಿ ಇಬ್ಬರೂ ನಡೆದರು. ಗೋಡೆಯ ಮೇಲಿಂದ ಕಾಗದದ ಹೂವು ಇಳಿಬಿದ್ದಲ್ಲೆಲ್ಲ ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಯಮುನಾ ಕೂಡ ಒಂದು ನೀಲಿ ಬಾಗಿಲಿನ ಮುಂದೆ ನಿಂತು, "ತೆಗೀರಿ" ಎಂದಳು. ಫೋನಿನ ಪರದೆಯಲ್ಲಿ ಅವಳ ಮುಖ ಸ್ವಲ್ಪ ಊದಿದ ಹಾಗೆ ಕಂಡಿತು, ಕಣ್ಣ ಕೆಳಗೆ ನೆರಳು. ಒಂದು ಕೈ ತಾನಾಗಿಯೇ ಹೊಟ್ಟೆಯ ಹತ್ತಿರ ಹೋಗಿ, ಏನೋ ನೆನಪಾದಂತೆ ಕೆಳಗಿಳಿಯಿತು. ಸುಗತ ಅದನ್ನು ನೋಡಿದ, ನೋಡದವನಂತೆ ಗುಂಡಿ ಒತ್ತಿದ. ಈ ಪ್ರವಾಸವನ್ನು ಮದುವೆಯ ವಾರ್ಷಿಕೋತ್ಸವಕ್ಕೆಂದು ಅವನೇ ಗೊತ್ತು ಮಾಡಿದ್ದು, ಆ ಭಾನುವಾರಕ್ಕೂ ಮುಂಚೆ. ಆಮೇಲೆ ಬೇಡ ಎನ್ನಲು ಅವನಿಗೆ ಕಾರಣ ಹೇಳಬೇಕಾಗಿತ್ತು. ಬೇಡ ಎನ್ನಲು ಅವಳಿಗೂ ಕಾರಣ ಹೇಳಬೇಕಾಗಿತ್ತು. ಇಬ್ಬರೂ ಬಾಯಿ ಬಿಡದೆ ಕಾರು ಹತ್ತಿದ್ದರು. ಅಣ್ಣಮ್ಮ ಫೋನಿನಲ್ಲಿ, ಈ ಹೊತ್ತಲ್ಲಿ ಯಾವಳಾದ್ರೂ ಊರು ಸುತ್ತುತ್ತಾಳಾ ಎಂದು ಬೈದದ್ದೂ, ಡಾಕ್ಟರ್ ಹೋಗಬಹುದು ಅಂದಿದ್ದಾರಮ್ಮ, ಇವರು ನಿಧಾನ ಓಡಿಸ್ತಾರೆ ಎಂದು ಇವಳು ಸಮಾಧಾನ ಹೇಳಿದ್ದೂ ಅವನಿಗೆ ಕೇಳಿಸಿತ್ತು. ಹಾಗಾಗಿ ನಿಧಾನವಾಗಿಯೇ ಓಡಿಸಿದ. ಮನೆ ಹತ್ತಿರದ ಟಿನ್ ಫ್ಯಾಕ್ಟರಿಯಿಂದ ಹಿಡಿದು ತಿರುವಣ್ಣಾಮಲೈ ದಾಟುವ ತನಕ ಒಂದೊಂದು ಹಂಪ್‌ನಲ್ಲೂ ಕಾರನ್ನು ಎತ್ತಿ ಇಳಿಸಿದ ಹಾಗೆ ದಾಟಿಸಿದ. "ಏನ್ರೀ, ಮದುವೆ ಮೆರವಣಿಗೆ ಗಾಡಿ ಥರ ಓಡಿಸ್ತೀರ" ಎಂದು ಯಮುನಾ ರೇಗಿಸಿದಳು. ಹಿಂದಿನ ಟೈರು ಸರಿಯಿಲ್ಲ ಎಂದ. ಟೈರು ಹೊಸದು, ಹೋದ ತಿಂಗಳು ಅವನೇ ನಿಂತು ಹಾಕಿಸಿದ್ದು.

ದೇವಸ್ಥಾನದ ಬೀದಿಯಲ್ಲಿ ಹೂ ಮಾರುವವಳ ಮುಂದೆ ಯಮುನಾ ಕುಕ್ಕರುಗಾಲಲ್ಲಿ ಕೂತಳು. ವಯಸ್ಸಾದ ಹೆಂಗಸು, ಬಾಯಿ ತುಂಬ ಎಲೆಯಡಿಕೆ. ಮೊಳ ಹಾಕುತ್ತ ಯಮುನಾಳ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಸುಗತನನ್ನು ನೋಡಿ, ಅದ್ಯಾಕೆ ನಿನ್ನ ಗಂಡ ಲಾಠಿ ಕಳೆದುಕೊಂಡ ಪೊಲೀಸಪ್ಪನ ಹಾಗೆ ನಿಂತಿದ್ದಾನೆ ಎಂದಳು. ಯಮುನಾ ಮತ್ತೆ ಆ ನಗು ನಕ್ಕು, "ಇವರುಕ್ಕು ತಮಿಳ್ ತೆರಿಯಾದು ಪಾಟ್ಟಿ" ಎಂದಳು, ಇವರಿಗೆ ತಮಿಳು ಬಾರದು ಅಜ್ಜಿ. ಆ ಮಾತು ಹೇಳುವಾಗ ಅವಳ ದನಿಯಲ್ಲಿ ಒಂದು ಬಗೆಯ ನಿರಾಳ ಇರುತ್ತಿತ್ತು, ಒಳಗಿನಿಂದ ಚಿಲಕ ಹಾಕಿಕೊಂಡವರ ನಿರಾಳ. ಹಾಗಾದರೆ ಕೇಳುತ್ತೇನೆ, ಎಷ್ಟು ತಿಂಗಳು ಎಂದಳು ಮುದುಕಿ. ಎರಡು ತುಂಬಿತು ಎಂದಳು ಯಮುನಾ, ಬೆಂಗಳೂರಿನಲ್ಲಿ ವಾರಗಟ್ಟಲೆ ಕಾದರೂ ಬಾರದಿದ್ದ ಮಾತನ್ನು ಹಣ್ಣು ತರಕಾರಿಯ ಮಾತಿನಷ್ಟು ಸಲೀಸಾಗಿ. ಮುದುಕಿ ಅವಳ ಕೆನ್ನೆ ಸವರಿ, ಒಂದು ಮೊಳ ಹೂವು ಜಾಸ್ತಿ ಕೊಟ್ಟಳು. ಸುಗತನ ಎದೆಯಲ್ಲಿ ಏನೋ ಕೆಟ್ಟದ್ದು ಎದ್ದು ಕುಳಿತಿತು. ಈ ಮುದುಕಿಗೆ ಇವಳು ಯಾರು? ಇನ್ನರ್ಧ ಗಂಟೆಗೆ ಮರೆತುಬಿಡುತ್ತಾಳೆ. ಮರೆಯುವವರಿಗೆಲ್ಲ ಹೇಳುತ್ತಾಳೆ, ಮರೆಯದವನಿಗೆ ಹೇಳುವುದಿಲ್ಲ.

"ಏನಂದ್ಳು ಅಜ್ಜಿ?"

"ಹೂವು ಇವತ್ತು ಬೆಳಗ್ಗೇದೇ, ಬಾಡಲ್ಲ ಅಂದ್ರು. ಮುಡಿಸ್ತೀರಾ?"

ಮುಡಿಸಿದ. ಅವಳ ಕತ್ತಿನ ಹಿಂದೆ ಬೆವರಿನ ಸಣ್ಣ ಹನಿಗಳಿದ್ದವು. ಪಿನ್ನು ಎರಡು ಸಲ ಜಾರಿತು. ಇದೇ ಕತ್ತನ್ನು ಶಿವಾಜಿನಗರದ ಆಸ್ಪತ್ರೆಯ ವಾರ್ಡಿನಲ್ಲಿ ಅವನು ಹಿಂದಿನಿಂದ ನೋಡುತ್ತ ನಿಂತಿದ್ದ. ಮಾವ ಹಾಸಿಗೆಗೆ ಅಂಟಿಹೋಗಿದ್ದರು, ಇನ್ನು ಒಂದೆರಡು ದಿನವೆಂದು ಡಾಕ್ಟರು ಹೇಳಿಯಾಗಿತ್ತು. ಯಮುನಾ ಅಪ್ಪನ ಬಾಯಿಗೆ ಕಿವಿ ಕೊಟ್ಟು ಬಗ್ಗಿದ್ದಳು. ಅವನು ನಿನ್ನನ್ನು ಚೆನ್ನಾಗಿ ನೋಡ್ಕೊಳ್ತಾನಾ ಎಂದು ಅವರು ಕೇಳಿದರು. ಸುಗತ ಹಾಲಿನ ಫ್ಲಾಸ್ಕು ಹಿಡಿದು ಎರಡು ಹೆಜ್ಜೆ ದೂರದಲ್ಲಿದ್ದ. ಒಳ್ಳೆಯವರು ಅಪ್ಪಾ ಎಂದಳು. ಆಮೇಲೆ, ಅವನು ಅಲ್ಲಿರುವುದನ್ನು ನೋಡಿಯೂ, ಅವರ ಮುಂದೆ ಅಳೋಕೆ ಮಾತ್ರ ಆಗಲ್ಲಪ್ಪ, ನಿಮ್ಮ ಮುಂದೆ ಅತ್ತ ಹಾಗೆ ಅಲ್ಲಿ ಅಳೋಕಾಗಲ್ಲ ಎಂದು ಹೇಳಿ ಆ ಎಲುಬಾದ ಎದೆಯ ಮೇಲೆ ತಲೆಯಿಟ್ಟು ಅತ್ತಳು. ಸಾಯುತ್ತಿರುವ ಮುದುಕನ ಮೇಲೆ ಆಗ ಸುಗತನಿಗೆ ಆದದ್ದು ಕನಿಕರವಲ್ಲ. ಹೊಟ್ಟೆಕಿಚ್ಚು. ಅದನ್ನು ಅದರ ಹೆಸರಿನಿಂದಲೇ ಅವನು ಗುರುತಿಸಿದ್ದ, ನಾಚಿಕೆಯಿಂದ ಫ್ಲಾಸ್ಕಿನ ಮುಚ್ಚಳ ತೆಗೆದು ಹಾಲು ಬಗ್ಗಿಸಿದ್ದ. ಯಾರಿಗೂ ಬೇಡದ ಹಾಲು.

ಮಧ್ಯಾಹ್ನ ಒಂದು ಮೆಸ್ಸಿನಲ್ಲಿ ಊಟಕ್ಕೆ ಕೂತರು. ಪಕ್ಕದ ಮೇಜಿಗೆ ಕರಿದ ಮೀನು ಬಂದದ್ದೇ ಯಮುನಾ ಬಾಯಿ ಮುಚ್ಚಿಕೊಂಡು ಹಿತ್ತಲ ಕಡೆ ಓಡಿದಳು. ಸುಗತ ಎದ್ದವನು ಹಾಗೇ ಕೂತ. ಬಡಿಸುತ್ತಿದ್ದವನು ಅವನ ಹತ್ತಿರ ಬಗ್ಗಿ, ಮಗುವಿಗೆ ಹೇಳುವಂತೆ, ಕೈಸನ್ನೆ ಮಾಡುತ್ತ, ವಾಂತಿ, ವಾಂತಿ ಎಂದ. ಇವನಿಗೆ ಭಾಷೆ ಬಾರದೆಂದು ಯಮುನಾ ಅವನಿಗೂ ಆಗಲೇ ಹೇಳಿದ್ದಳು. ಗೊತ್ತು ಎಂದು ಸುಗತ ತಲೆಯಾಡಿಸಿದ. ಮುಖ ತೊಳೆದುಕೊಂಡು ಬಂದವಳು, "ಬಿಸಿಲು ರೀ. ಬೆಳಗ್ಗಿಂದ ಸುತ್ತಿದ್ದಕ್ಕೆ" ಎಂದಳು. "ಹೌದು, ಬಿಸಿಲು ಜಾಸ್ತಿ" ಎಂದು ಅವನೂ ಅಂದ, ಮಜ್ಜಿಗೆಯ ಲೋಟ ಅವಳ ಕಡೆ ತಳ್ಳಿದ. ಇಷ್ಟು ಹತ್ತಿರ ಬಂದಿದೆ, ನಾಲಗೆಯ ತುದಿಯಲ್ಲಿದೆ, ಒಂದೇ ಒಂದು ವಾಕ್ಯ. ಹೋದ ಸಲ ಎಷ್ಟು ಬೇಗ ಹೇಳಿದ್ದಳು. ಬಚ್ಚಲಿನಿಂದ ಒದ್ದೆ ಕಾಲಲ್ಲೇ ಓಡಿ ಬಂದು, ಅವನ ಅಂಗಿ ಹಿಡಿದು, ಕನ್ನಡದಲ್ಲಿ ಮೊಟ್ಟಮೊದಲು ಅವನಿಗೇ ಹೇಳಿದ್ದಳು. ಅವನು ವರ್ಕ್‌ಶಾಪಿಗೆಲ್ಲ ಮೈಸೂರುಪಾಕು ಹಂಚಿದ್ದ, ಅಪ್ಪನಿಗೆ, ದೊಡ್ಡಪ್ಪಂದಿರಿಗೆ, ಶಾಲೆಯ ಗೆಳೆಯರಿಗೆ ಫೋನು ಮಾಡಿದ್ದ. ಮೂರನೆಯ ತಿಂಗಳಲ್ಲಿ ಅದು ಹೋಯಿತು. ಆಸ್ಪತ್ರೆಯ ಓಣಿಯ ನೆಲದ ಮೇಲೆ ಕೂತು ಅವನು ಅತ್ತ ಅಳು ಎಂಥದಿತ್ತೆಂದರೆ ನರ್ಸು ಬೈದಳು. ಕೊನೆಗೆ ಯಮುನಾಳೇ, ಕೈಯಲ್ಲಿ ಡ್ರಿಪ್ಪಿನ ಸೂಜಿ ಹಾಗೇ ಇರುವಂತೆಯೇ, ಗೋಡೆ ಹಿಡಿದುಕೊಂಡು ಈಚೆ ಬಂದು ಅವನನ್ನು ಎಬ್ಬಿಸಿದ್ದಳು. ಮನೆಗೆ ಬಂದ ಮೇಲೂ ಅವನೇ ಮಲಗಿದ. ಊಟ ಬಿಟ್ಟ. ನೋಡಲು ಬಂದ ನೆಂಟರೆಲ್ಲ ಅವನ ಪಕ್ಕ ಕೂತು ಬೆನ್ನು ಸವರಿದರು, ಯಮುನಾ ಅವರಿಗೆ ಕಾಫಿ ಮಾಡಿ ತಂದಳು. ಆಗ ಇದೆಲ್ಲ ಅವನಿಗೆ ಕಂಡಿರಲಿಲ್ಲ. ತನ್ನ ದುಃಖ ದೊಡ್ಡದೆಂದು ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು. ಈಗ ಮಜ್ಜಿಗೆ ಕುಡಿಯುತ್ತಿರುವ ಅವಳ ಗಂಟಲನ್ನು ನೋಡುತ್ತ ಅವನ ಮುಖ ಬಿಸಿಯಾಯಿತು. ಆದರೂ ಹೊಟ್ಟೆಯೊಳಗಿನ ಕಿಚ್ಚು ತಣಿಯಲಿಲ್ಲ. ತಪ್ಪು ನನ್ನದೇ ಇರಬಹುದು, ಹಾಗಂತ ಹೂವಿನವಳಿಗೆ ಹೇಳುವುದೇ?

ಊರಾಚೆಯ ಹಿನ್ನೀರಿನಲ್ಲಿ ದೋಣಿ ಬಿಡುತ್ತಾರೆಂದು ಅವನಿಗೆ ಮೊದಲೇ ಗೊತ್ತಿತ್ತು. ಬೆಳಿಗ್ಗೆ ಅಲ್ಲಿಗೆ ಹೋಗುವ ಯೋಚನೆಯೇ ಇರಲಿಲ್ಲ. ಮೆಸ್ಸಿನಿಂದ ಹೊರಗೆ ಬಂದು ಕಾರಿನ ಬಾಗಿಲು ತೆಗೆಯುವಾಗ ಅದು ಇದ್ದಕ್ಕಿದ್ದಂತೆ ತಲೆಗೆ ಬಂತು, ಬಂದ ಕೂಡಲೇ ಅದರ ಉದ್ದೇಶವೂ ತಿಳಿಯಿತು. ದೋಣಿ ಹತ್ತು ಅನ್ನುತ್ತೇನೆ. ಹತ್ತಲಾರಳು. ಯಾಕೆ ಎನ್ನುತ್ತೇನೆ. ಆಗ ಹೇಳಲೇಬೇಕು. ಹೇಳಿದ ಕೂಡಲೇ ಕೈ ಹಿಡಿದು ಕರೆದುಕೊಂಡು ಬಂದುಬಿಡುತ್ತೇನೆ. ಅಷ್ಟು ದೂರ ಹಂಪ್ ಹಂಪ್‌ಗೂ ಉಸಿರು ಹಿಡಿದು ಓಡಿಸಿದವನು ಈಗ ಇದನ್ನು ಯೋಚಿಸುತ್ತಿರುವುದು ಅವನಿಗೇ ವಿಚಿತ್ರವೆನಿಸಿತು. ವಿಚಿತ್ರವೆನಿಸಿದರೂ ಕಾರನ್ನು ಆ ಕಡೆಗೇ ತಿರುಗಿಸಿದ.

"ಬೇಡ ರೀ, ನೀವ್ ಹೋಗ್ಬನ್ನಿ. ನಾನು ಇಲ್ಲೇ ಕೂತಿರ್ತೀನಿ" ಎಂದಳು ಯಮುನಾ, ದೋಣಿಕಟ್ಟೆಯ ಸಾಲು ನೋಡಿ.

"ಒಬ್ಬನೇ ಹೋಗೋಕೆ ಇಷ್ಟು ದೂರ ಬರ್ಬೇಕಿತ್ತಾ? ಯಾಕೆ, ಏನಾಯ್ತು?"

"ಏನಿಲ್ಲ. ತಲೆ ಸುತ್ತುತ್ತೆ."

"ತಣ್ಣಗೆ ಗಾಳಿ ಇರುತ್ತೆ ನೀರ್ ಮೇಲೆ. ಸರಿ ಹೋಗುತ್ತೆ. ಅಥ್ವಾ ಬೇರೆ ಏನಾದ್ರೂ ಇದ್ರೆ ಹೇಳು."

ಯಮುನಾ ಅವನ ಮುಖ ನೋಡಿದಳು. ಅವನು ಹೇಳು, ಹೇಳಿಬಿಡು ಎಂದು ಒಳಗಿನಿಂದ ಅಂಗಲಾಚಿದ. ಅವಳು ದುಪಟ್ಟಾ ಸರಿಮಾಡಿಕೊಂಡು, "ಇನ್ನೇನಿರುತ್ತೆ. ನಡೀರಿ, ನಿಮ್ಗೆ ಬೇಜಾರಾಗೋದ್ ಬೇಡ" ಎಂದಳು.

ಟಿಕೆಟ್ಟು ತಂದ. ಕೈಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟುಗಳು ಬಂದವು. ಅವಳು ಅದನ್ನು ತೊಟ್ಟು, ಹೊಟ್ಟೆಯ ಹತ್ತಿರದ ಪಟ್ಟಿಯನ್ನು ಮಾತ್ರ ಬಿಗಿಯದೆ ಬಿಟ್ಟಳು. ಅವನು ಅದನ್ನೂ ನೋಡಿದ. ಈಗ ಹೇಳುತ್ತಾಳೆ. ಸಾಲು ಮುಂದೆ ಸರಿಯಿತು. ಇನ್ನೂ ಸಮಯವಿದೆ, ಹಲಗೆಯ ಹತ್ತಿರ ಹೇಳುತ್ತಾಳೆ. ದೋಣಿ ಮೋಟಾರಿನದು, ಕಾದು ನಿಂತಲ್ಲೇ ಎದ್ದೆದ್ದು ಕುಣಿಯುತ್ತಿತ್ತು. ಅದರ ಎಂಜಿನ್ನಿನ ಶಬ್ದ ಕೇಳಿದರೇ ಅವನಿಗೆ ತಿಳಿಯುತ್ತಿತ್ತು, ಹೊರಟರೆ ಎಸೆದಾಡಿಸಿಬಿಡುತ್ತದೆ. ದೋಣಿಯವನು ಹಲಗೆಯ ಮೇಲೆ ನಿಂತು, ಹೃದಯದ ತೊಂದರೆ ಇರುವವರು, ಮಾಸಮಾ ಇರುವ ಹೆಂಗಸರು ಹತ್ತಬೇಡಿ ಎಂದು ತಮಿಳಿನಲ್ಲಿ ಕೂಗಿ ಹೇಳುತ್ತಿದ್ದ. ಬಸುರಿಯರು ಹತ್ತಬೇಡಿ. ಯಮುನಾ ಅದನ್ನು ಕೇಳಿಸಿಕೊಂಡಳು. ಸುಗತನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಗಂಡನಿಗೆ ಬೆನ್ನು ಮಾಡಿ, ಅಣ್ಣಾ ಸ್ವಲ್ಪ ನಿಧಾನಕ್ಕೆ ಬಿಡ್ತೀರಾ ಎಂದು ಕೇಳಿದಳು.

ಯಾಕಮ್ಮ ಎಂದ ದೋಣಿಯವನು.

ಎರಡು ತಿಂಗಳು ಎಂದಳು.

ಹಾಗಾದರೆ ಯಾಕೆ ಹತ್ತುತ್ತೀಯ, ನಿನ್ನ ಗಂಡನಿಗೆ ಹೇಳು, ವಾಪಸು ಹೋಗಿ ಎಂದ ಅವನು, ಸುಗತನ ಕಡೆ ಗದ್ದ ತೋರಿಸಿ. ಒಳ್ಳೆಯ ಮನುಷ್ಯ, ದನಿಯಲ್ಲಿ ನಿಜವಾದ ಕಾಳಜಿ ಇತ್ತು.

ಅವರಿಗೆ ಗೊತ್ತಿಲ್ಲಣ್ಣ ಎಂದಳು ಯಮುನಾ. ಹೋದ ಸಲ ಹೋಗಿಬಿಡ್ತು. ಅವರು ತಡ್ಕೊಳ್ಳಲಿಲ್ಲ. ಅವರನ್ನ ಎತ್ತಿ ನಿಲ್ಲಿಸೋದೇ ಒಂದು ಕೆಲಸ ಆಯ್ತು ನನಗೆ. ಇದೂ ಹೋದರೆ ನನ್ನೊಳಗೇ ಹೋಗಲಿ ಅಂತ ಹೇಳಿಲ್ಲ. ಮೂರು ತುಂಬಿದ ಮೇಲೆ ಹೇಳ್ತೀನಿ. ಈಗ ಬೇಡ ಅಂದರೆ ಅನುಮಾನ ಬರುತ್ತೆ, ನೀವು ನಿಧಾನಕ್ಕೆ ಬಿಡಿ ಸಾಕು.

ಎಷ್ಟೊಂದು ಮಾತು. ಉಸಿರು ತೆಗೆದುಕೊಳ್ಳದೆ ಇಷ್ಟು ಮಾತನ್ನು ಅವಳು ಅವನಿಗೆ ಎಂದೂ ಹೇಳಿರಲಿಲ್ಲ. ತನ್ನ ಬಗ್ಗೆ ತನ್ನ ಹೆಂಡತಿಗೆ ಏನನಿಸುತ್ತದೆ ಎಂಬುದು ಗುರುತಿಲ್ಲದ ದೋಣಿಯವನೊಬ್ಬನಿಗೆ ಒಂದೇ ನಿಮಿಷದಲ್ಲಿ ತಿಳಿದುಹೋಗಿತ್ತು. ಅವನು ಸುಗತನನ್ನು ಇನ್ನೊಮ್ಮೆ ನೋಡಿದ, ಈ ಸಲ ಪಾಪ ಎನ್ನುವ ಹಾಗೆ. ಆಮೇಲೆ, ಸರಿ ನಡುವೆ ಕೂತ್ಕೊಮ್ಮ, ಗಟ್ಟಿಯಾಗಿ ಹಿಡ್ಕೊ ಎಂದು ಕೈ ಚಾಚಿದ. ಯಮುನಾ ಆ ಕೈ ಹಿಡಿದು ಒಂದು ಕಾಲನ್ನು ಹಲಗೆಯ ಮೇಲಿಟ್ಟಳು. ನೀರು ದೋಣಿಯನ್ನು ಎತ್ತಿತು.

"ವೇಂಡಾಂ ಅಣ್ಣೇ" ಎಂದ ಸುಗತ. "ಅವಳೆ ಏತ್ತಾದೀಂಗ. ಮಾಸಮಾ ಇರುಕ್ಕಾ."

ಬೇಡ ಅಣ್ಣ, ಅವಳನ್ನು ಹತ್ತಿಸಬೇಡಿ, ಬಸುರಿ ಇದ್ದಾಳೆ. ಅಪ್ಪಟ ಶಿವಾಜಿನಗರದ ತಮಿಳು, ಅಂಗಡಿಯ ಗ್ರೀಸು ಮೆತ್ತಿದ ತಮಿಳು, ಒಂದು ಕಡೆಯೂ ತಡವರಿಸದೆ ಬಂತು. ಬೇಡ ಬಾ ಎಂದು ಕನ್ನಡದಲ್ಲಿ ಹೇಳಿ ಕೈ ಎಳೆದಿದ್ದರೂ ಆಗುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಯಾಕೆ ಹಾಗೆ ಮಾಡಲಿಲ್ಲವೋ ಅವನಿಗೇ ಗೊತ್ತಾಗಲಿಲ್ಲ. ಹೆದರಿಕೆಯಿಂದ ಬಾಯಿಗೆ ಬಂದದ್ದೋ, ಆ ದೋಣಿಯವನಿಗೆ ನನಗೂ ಗೊತ್ತು ಎಂದು ತೋರಿಸಬೇಕಾಗಿತ್ತೋ. ದೋಣಿಯವನು ನಕ್ಕು, ನೋಡಮ್ಮ, ನಿನ್ನ ಗಂಡನಿಗೆ ಎಲ್ಲ ಗೊತ್ತಿದೆ ಎಂದು ಅವಳ ಕೈಯನ್ನು ಮೆಲ್ಲಗೆ ದಡದ ಕಡೆ ಬಿಟ್ಟ. ಯಮುನಾ ಹಲಗೆಯ ಮೇಲಿದ್ದ ಕಾಲನ್ನು ಕೆಳಗಿಳಿಸಿದಳು. ಹಿಂದಿನವರು ಅವರಿಬ್ಬರನ್ನು ಸರಿಸಿಕೊಂಡು ಹತ್ತಿದರು. ದೋಣಿ ಹೊರಟುಹೋಯಿತು.

ಸರ್ವೆ ಮರಗಳ ಕೆಳಗೆ ಒಂದು ಸಿಮೆಂಟಿನ ಕಟ್ಟೆ ಇತ್ತು. ಇಬ್ಬರೂ ಜಾಕೆಟ್ಟು ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು ಕೂತರು. ಯಮುನಾ ನೀರನ್ನು ನೋಡುತ್ತಿದ್ದಳು. ಅವಳ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು, ಹಳೆಯದೆಲ್ಲವನ್ನೂ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದಾಳೆಂದು ಸುಗತನಿಗೆ ತಿಳಿಯಿತು. ಬೆಕ್ಕಿನ ಗೊರಕೆ, ಅವನ ಅಪ್ಪನ ಮೇಲಿನ ದೂರು, ಮೋನಿಷಾಳೊಂದಿಗೆ ಆಡಿದ ಗುಟ್ಟಿನ ಮಾತುಗಳು, ಅವನ ಮಗ್ಗುಲಲ್ಲಿ ಕೂತು ಅವನನ್ನೇ ಕುರಿತು ಆಡಿದ್ದು.

"ಯಾವಾಗಿಂದ ಬರುತ್ತೆ?" ಎಂದಳು ಕೊನೆಗೆ. ಕನ್ನಡದಲ್ಲಿ.

"ಮದುವೆಗೆ ಮುಂಚಿಂದ."

"ಪೂರ್ತಿ ಬರುತ್ತಾ?"

"ಬರುತ್ತೆ."

"ಆಸ್ಪತ್ರೇಲಿ ನಾನು ನಮ್ಮಪ್ಪನ ಹತ್ರ ಹೇಳಿದ್ದು?"

ಇಲ್ಲ ಎನ್ನಬಹುದಿತ್ತು. ಇದೊಂದಕ್ಕೆ ಇಲ್ಲ ಎಂದಿದ್ದರೆ ಅವಳು ನಂಬುತ್ತಿದ್ದಳೇನೋ, ನಂಬಲು ಅವಳಿಗೂ ಆಸೆ ಇದ್ದಂತಿತ್ತು. "ಕೇಳಿಸ್ತು" ಎಂದ.

ಯಮುನಾ ತಲೆಯಾಡಿಸಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನೇ ಮಾತು ಶುರುಮಾಡಿದ. "ನಿನ್ ಮಾತು ಕೇಳೋಕೆ ಇಷ್ಟ ಆಗ್ತಿತ್ತು ಯಮುನಾ. ನನ್ ಹತ್ರ ನೀನು ಹಾಗೆ ಮಾತಾಡಲ್ಲ. ಎಲ್ರ ಹತ್ರಾನೂ ಮಾತಾಡ್ತೀಯ, ಹೂವಿನವಳ ಹತ್ರ, ಎಳನೀರಿನವನ ಹತ್ರ. ನಂಗೆ ಅದು..." ಆಮೇಲಿನ ಪದ ಕನ್ನಡದಲ್ಲೂ ಸಿಗಲಿಲ್ಲ, ತಮಿಳಿನಲ್ಲೂ ಸಿಗಲಿಲ್ಲ.

"ಕೇಳಿಸ್ಕೊಂಡ್ರಲ್ಲ" ಎಂದಳು ಅವಳು. "ನಿಮ್ಮ ಮುಂದೆ ಅಳೋಕಾಗಲ್ಲ ಅಂತ ಕೇಳಿಸ್ಕೊಂಡ್ಮೇಲೆ ನೀವೇನ್ ಮಾಡಿದ್ರಿ?"

ಸುಗತ ಹುಡುಕಿದ. ಹಾಲು ಬಗ್ಗಿಸಿದ್ದು ನೆನಪಿತ್ತು. ಅದಾದ ಮೇಲಿನ ದಿನಗಳಲ್ಲಿ, ತಿಂಗಳುಗಳಲ್ಲಿ ಏನಾದರೂ, ಒಂದಾದರೂ ಇರಬೇಕಲ್ಲ ಎಂದು ಹುಡುಕಿದ. ಇರಲಿಲ್ಲ. ಅವಳ ಮಾತುಗಳನ್ನೆಲ್ಲ ಅವನು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದ, ಒಬ್ಬನೇ ಇದ್ದಾಗ ತೆಗೆದು ಉರಿದುಕೊಂಡಿದ್ದ. ಉತ್ತರ ಕೊಡಬೇಕಾದ ಮಾತುಗಳು ಅವು ಎಂದು ಹೊಳೆದೇ ಇರಲಿಲ್ಲ.

"ನಾನು ಹೇಳ್ಲಿ ಅಂತ ಕಾಯ್ತಾ ಇದ್ರಾ ಬೆಳಗ್ಗಿಂದ?"

"ಹೂಂ."

"ಅದಕ್ಕೇ ದೋಣಿ ಹತ್ತು ಅಂದ್ರಾ?"

ಅವನು ತಲೆ ತಗ್ಗಿಸಿದ. ಯಮುನಾ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಆಮೇಲೆ ಪೇಟೆಯಿಂದ ತಂದ ಸಾಮಾನು ಒಪ್ಪಿಸುವವಳ ದನಿಯಲ್ಲಿ, "ನಾನು ಬಸುರಿ ರೀ. ಎರಡು ತಿಂಗಳು" ಎಂದಳು. ಅವನು ಇಷ್ಟು ದಿನ ಕಾದಿದ್ದ ಮಾತು, ಅವನಿಗೆ ಬೇಕಾದ ಭಾಷೆಯಲ್ಲೇ. ಅವನು "ಹೂಂ" ಎಂದ.

ಅವಳ ಫೋನು ಹೊಡೆದುಕೊಂಡಿತು. ಅಮ್ಮ ಎಂದು ಬರೆದಿದ್ದು ಅವನಿಗೂ ಕಂಡಿತು. ಅಮ್ಮನ ಫೋನು ಬಂದಾಗಲೆಲ್ಲ ಯಮುನಾ ಅವನಿಗೆ ಒರಗಿಕೊಂಡೇ ಮಾತಾಡುತ್ತಿದ್ದಳು, ಮಾತಿನ ಮಧ್ಯೆ ಅವನ ತೋಳಿನ ಕೂದಲನ್ನು ಬೆರಳಿಗೆ ಸುತ್ತುತ್ತಿದ್ದಳು. ಅವನ ಹೊಟ್ಟೆಕಿಚ್ಚೆಲ್ಲ ಹುಟ್ಟಿ ಬೆಳೆದದ್ದು ಆ ಒರಗುವಿಕೆಯ ಬಿಸಿಯಲ್ಲಿಯೇ. ಈಗ ಅವಳು ಫೋನನ್ನು ಒಂದು ಗಳಿಗೆ ಅಂಗೈಯಲ್ಲಿ ಹಿಡಿದು ನೋಡಿದಳು, ಅವನನ್ನು ನೋಡಿದಳು, ಎದ್ದಳು. ಸರ್ವೆ ಮರಗಳನ್ನು ದಾಟಿ, ದೋಣಿಕಟ್ಟೆಯನ್ನು ದಾಟಿ, ನೀರಿನಂಚಿನ ಮರಳಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಸಾಕಷ್ಟು ದೂರ ನಡೆದ ಮೇಲೆ ಫೋನನ್ನು ಕಿವಿಗಿಟ್ಟಳು.

ಸುಗತ ಮುಂದಕ್ಕೆ ಬಾಗಿದ. ಗಾಳಿ ಆ ಕಡೆಗೆ ಬೀಸುತ್ತಿತ್ತು. ಅವಳ ಕೈ ಮೇಲೆದ್ದು ಇಳಿಯುವುದು ಕಾಣುತ್ತಿತ್ತು, ಬೆಳಿಗ್ಗೆ ಮುಡಿಸಿದ ಹೂವು ಜಾರಿ ಬೆನ್ನಿಗೆ ಬಿದ್ದದ್ದು ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳು ಮರಳಿನ ಮೇಲೆ ಕುಸಿದು ಕೂತಳು, ಭುಜಗಳು ಅದುರತೊಡಗಿದವು. ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳದೆ, ತಲೆ ಹಿಂದಕ್ಕೆ ಚೆಲ್ಲಿ ಅಳುತ್ತಿದ್ದಳು. ಒಂದು ಶಬ್ದವೂ ಇತ್ತ ಬರಲಿಲ್ಲ. ಎದ್ದು ಹೋಗಬೇಕೆಂದು ಅವನಿಗೆ ಅನ್ನಿಸಿತು, ಅರ್ಧ ಎದ್ದೂ ಆಯಿತು. ಹತ್ತಿರ ಹೋದರೆ ಅಳು ನಿಲ್ಲಿಸಿಬಿಡುತ್ತಾಳೆ ಎಂದು ನೆನಪಾಗಿ, ಮತ್ತೆ ಅಲ್ಲೇ ಕೂತ.